ಡಬ್ಬಿ ಹದಿನಾಲ್ಕರ ದೆವ್ವ ನಿಧಾನವಾಗಿ ನಡೆಯತಕ್ಕದ್ದು

ಸಂಖ್ಯೆ: ಹಚಿದಾ/ಭಯ/14/1998-99
ಹಳೆಯ ಚಿತ್ರಗಳ ದಾಸ್ತಾನು ಕಚೇರಿ,
ದೇವರಾಜ ಮೊಹಲ್ಲಾ, ಮೈಸೂರು
ದಿನಾಂಕ: 12-10-1998

ಸುತ್ತೋಲೆ

ವಿಷಯ: ಮೂಕಿ ಕಾಲದ ಭಯಾನಕ ಚಿತ್ರಗಳು ಇಂದಿಗೂ ಹೆದರಿಸುತ್ತವೆಯೇ ಎಂಬುದನ್ನು ತೀರ್ಮಾನಿಸುವ ಹಾಗೂ ಹೆದರಿದ ನೌಕರರು ನಡೆದುಕೊಳ್ಳಬೇಕಾದ ರೀತಿಯ ಬಗ್ಗೆ.

ಉಲ್ಲೇಖ:
1. ಹೆದರಿಸುವ ಶಕ್ತಿ ಕಳೆದುಕೊಂಡ ಭಯಾನಕ ಚಿತ್ರಗಳನ್ನು ಗುಜರಿಗೆ ಹಾಕತಕ್ಕದ್ದೆಂಬ ಮೇಲಿನ ಕಚೇರಿಯ ಆದೇಶ.
2. ದಾಸ್ತಾನು ಅಧೀಕ್ಷಕಿ ಶ್ರೀಮತಿ ಪ್ರೇಮಲೀಲಾ ಅವರ ಲಿಖಿತ ಆಕ್ಷೇಪಣೆ.
3. ಅದೇ ಅಧೀಕ್ಷಕಿಯವರ ಎರಡನೆಯ ಆಕ್ಷೇಪಣೆ (ಮೌಖಿಕ, ಏರುದನಿಯಲ್ಲಿ).

ಪ್ರಸ್ತಾವನೆ:

ಈ ಕಚೇರಿಯ ದಾಸ್ತಾನಿನಲ್ಲಿ ಹದಿನಾಲ್ಕನೇ ಡಬ್ಬಿಯಲ್ಲಿರುವ ಪರದೇಶದ ಮೂಕಿ ಚಿತ್ರದ ಹೆಸರಿನ ತುಣುಕು ಹರಿದುಹೋಗಿರುವುದರಿಂದ ಅದನ್ನು 'ಡಬ್ಬಿ ಹದಿನಾಲ್ಕು' ಎಂದೇ ಕರೆಯಲಾಗುತ್ತಿದೆ. ಅದರಲ್ಲಿ ಗಡಿಯಾರ ರಿಪೇರಿ ಮಾಡುವವನೊಬ್ಬನ ಸತ್ತ ಹೆಂಡತಿಯು ಉದ್ದನೆಯ ಪಡಸಾಲೆಯ ಆ ತುದಿಯಿಂದ ಈ ತುದಿಗೆ ನಡೆದುಬಂದು, ಊಟದ ಮೇಜಿನ ಖಾಲಿ ಕುರ್ಚಿಯಲ್ಲಿ ಕೂರುತ್ತಾಳೆ. ಕಥೆ ಇಷ್ಟೇ. ಉಲ್ಲೇಖ (1)ರ ಮೇರೆಗೆ ಇದು ಹೆದರಿಸುತ್ತದೆಯೇ ಇಲ್ಲವೇ ಎಂದು ಪರೀಕ್ಷಿಸಲು ಆಷಾಢದ ಒಂದು ಮಧ್ಯಾಹ್ನ ಮೋಟಾರಿನ ಚಿತ್ರಯಂತ್ರದಲ್ಲಿ ಸಿಬ್ಬಂದಿಗೆ ಪ್ರದರ್ಶಿಸಲಾಯಿತು.

ಸದರಿ ಹೆಂಗಸು ಅಶೋಕಪುರಂ ಕಡೆಯ ಬಸ್ಸು ಹೊರಟುಬಿಟ್ಟಿತೆಂಬಂತೆ ದಡಬಡನೆ ಓಡಿಬಂದು ಕುರ್ಚಿಯಲ್ಲಿ ಕುಕ್ಕರಿಸಿದ್ದನ್ನು ಕಂಡು ಸಿಬ್ಬಂದಿ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಉಪನಿರ್ದೇಶಕರು ಎಲ್ಲರಿಗಿಂತ ಹೆಚ್ಚು ನಕ್ಕರು. ಹುದ್ದೆಗೆ ತಕ್ಕಂತೆ ನಕ್ಕದ್ದೆಂದು ಇದನ್ನು ಪರಿಗಣಿಸಲಾಗಿದೆ.

ಪ್ರೇಮಲೀಲಾ ಅವರು ಮಾತ್ರ ನಗಲಿಲ್ಲ. ಅವರು ಎಳೆಯ ಹುಡುಗಿಯಾಗಿದ್ದಾಗ ಇದೇ ಚಿತ್ರವನ್ನು ಬಯಲಿನಲ್ಲಿ ಕಟ್ಟಿದ ಪರದೆಯ ಮೇಲೆ, ಯಂತ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತಿದ್ದ ಕಾಲದಲ್ಲಿ, ತಂದೆಯ ಪಕ್ಕ ಕೂತು ನೋಡಿದ್ದರು. ಮನೆಗೆ ಬಂದವರು ನಿದ್ದೆ ಮಾಡಲೊಲ್ಲದೆ ತಂದೆಯ ಪಂಚೆಯ ಚುಂಗು ಹಿಡಿದುಕೊಂಡಿದ್ದರು. ಮಾರುಕಟ್ಟೆಯಲ್ಲಿ ವೀಳ್ಯದೆಲೆ ಮಾರುತ್ತಿದ್ದ ತಂದೆ ಸದಾಶಿವಯ್ಯನವರು ಆಗ ಹೇಳಿದ ಮಾತನ್ನು ಅಧೀಕ್ಷಕಿಯವರು ತಮ್ಮ ಆಕ್ಷೇಪಣೆಯಲ್ಲಿ ಇದ್ದಂತೆಯೇ ಬರೆದಿರುತ್ತಾರೆ: "ಅವ್ಳು ನಿಧಾನ ಕಣವ್ವ. ನಮ್ಮನೆ ಗಂಟ ನಡ್ಕೊಂಡು ಬರೋ ಹೊತ್ಗೆ ಬೆಳಗಾಗ್ಬುಡ್ತದೆ. ಮಲಿಕ್ಕೊ."

ಆದ್ದರಿಂದ ಚಿತ್ರದ ಹೆಂಗಸು ಓಡುವವಳಲ್ಲವೆಂದೂ, ನಿಧಾನವಾಗಿ ನಡೆಯುವವಳೆಂದೂ, ತಪ್ಪು ಅವಳದಲ್ಲವೆಂದೂ ಅಧೀಕ್ಷಕಿಯವರು ವಾದಿಸಿದರು. ತಂದೆಯವರು ತೀರಿಕೊಂಡಿರುವುದರಿಂದ ಅವರ ಹೇಳಿಕೆಯನ್ನು ಸಾಕ್ಷ್ಯವಾಗಿ ಸ್ವೀಕರಿಸಲು ನಿಯಮದಲ್ಲಿ ಅವಕಾಶವಿಲ್ಲವೆಂದು ತಿಳಿಸಿ, ಡಬ್ಬಿಗೆ ಗುಜರಿಯ ಚೀಟಿ ಅಂಟಿಸಲಾಯಿತು. ಅಂದು ಅಧೀಕ್ಷಕಿಯವರು ಊಟದ ಬುತ್ತಿಯನ್ನು ಬಿಚ್ಚಲಿಲ್ಲ. ದೆವ್ವವನ್ನು ನೋಡಿ ನಕ್ಕದ್ದಷ್ಟೇ ಆಗಿದ್ದರೆ ಅವರು ಸಹಿಸುತ್ತಿದ್ದರು. ತಂದೆ ಮಗಳಿಗೆ ಸುಳ್ಳು ಹೇಳಿ ಮಲಗಿಸಿದರೆಂದು ಕಚೇರಿಯೇ ತೀರ್ಮಾನಿಸಿದಂತಾಯಿತಲ್ಲ ಎಂಬುದು ಅವರ ಸಂಕಟವಾಗಿತ್ತು.

ಉಲ್ಲೇಖ (3)ರ ಕಾಟ ತಡೆಯಲಾರದೆ, ಗುಜರಿಯ ಗಾಡಿ ಬರುವ ಮುನ್ನ ಕೊನೆಯದಾಗಿ ಒಮ್ಮೆ ಪ್ರದರ್ಶಿಸಲು ಒಪ್ಪಲಾಯಿತು. ಅದು ದಸರೆಯ ಸಂಜೆ. ಊರಿನ ದೀಪಗಳೆಲ್ಲ ಹತ್ತಿಕೊಂಡು, ಬೆಟ್ಟದ ದಾರಿಯೂ ಝಗಝಗಿಸುತ್ತಿದ್ದುದರಿಂದ ಕಚೇರಿಯ ಪಾಲಿಗೆ ಉಳಿದ ವೋಲ್ಟೇಜು ಅಷ್ಟಕ್ಕಷ್ಟೇ ಆಗಿತ್ತು. ಫ್ಯಾನು ತೂಕಡಿಸಿತು. ಚಿತ್ರಯಂತ್ರದ ಮೋಟಾರು ಏದುಸಿರು ಬಿಡತೊಡಗಿತು. ಪರದೆಯ ಬೆಳಕು ಮಂಕಾಯಿತು. ಆ ಹೆಂಗಸು ಪಡಸಾಲೆಯ ತುದಿಯಲ್ಲಿ ಕಾಣಿಸಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ಬಂದಳು.

ಯಾರೂ ನಗಲಿಲ್ಲ. ಜವಾನ ಚಿಕ್ಕಮಾದಯ್ಯನವರು ನೀಡಿದ ಹೇಳಿಕೆಯನ್ನು ಅವರ ಮಾತಿನಲ್ಲೇ ದಾಖಲಿಸಲಾಗಿದೆ: "ಆವತ್ತು ಓಡ್ತಿದ್ಲು, ಎಲ್ಲಿಗೋ ಓಯ್ತಾವ್ಳೆ ಅಂದ್ಕಂಡೆ ಸಾ. ಈಗ ನಮ್ತಾವ್ಕೇ ಬತ್ತಾವ್ಳೆ."

ಈ ಹಂತದಲ್ಲಿ ಉಪನಿರ್ದೇಶಕರು ಚಿಕ್ಕಮಾದಯ್ಯನವರ ಮಣಿಕಟ್ಟನ್ನು ಹಿಡಿದುಕೊಂಡಿದ್ದು ಸಮಯ ನೋಡಲೆಂದು ಸ್ಪಷ್ಟಪಡಿಸಲಾಗಿದೆ. ಚಿಕ್ಕಮಾದಯ್ಯನವರು ಗಡಿಯಾರ ಕಟ್ಟುವುದಿಲ್ಲ. ಪ್ರೇಮಲೀಲಾ ಅವರಿಗೆ ಚಿಕ್ಕಂದಿನಷ್ಟೇ ಹೆದರಿಕೆಯಾಯಿತು, ಅದರ ಜೊತೆಗೇ ಬಹಳ ಸಂತೋಷವೂ ಆಗಿ ಕಣ್ಣಲ್ಲಿ ನೀರು ಬಂತು. ಎರಡೂ ಒಟ್ಟಿಗೆ ಆಗಬಹುದೇ ಎಂಬ ಬಗ್ಗೆ ನಿಯಮಾವಳಿಯಲ್ಲಿ ಏನೂ ಹೇಳಿಲ್ಲ.

ಹಳೆಯ ಚಿತ್ರವು ಕೆಟ್ಟಿಲ್ಲವೆಂದೂ, ಅದನ್ನು ಓಡಿಸುವ ನಮ್ಮ ಅವಸರವೇ ಹೆಚ್ಚಾಗಿದೆಯೆಂದೂ ಇದರಿಂದ ಕಂಡುಬಂದಿರುವುದರಿಂದ, ಈ ಕೆಳಕಂಡಂತೆ ಎಲ್ಲ ಸಿಬ್ಬಂದಿಗೆ ಸೂಚಿಸಲಾಗಿದೆ:

1. ಎದೆಗೆ 'ಥೂ ಥೂ' ಎಂದು ಉಗುಳಿಕೊಳ್ಳುವುದು, ಕಾಲುಗಳನ್ನು ಕುರ್ಚಿಯ ಮೇಲಕ್ಕೆ ಎತ್ತಿಕೊಳ್ಳುವುದು, ಮನೆದೇವರನ್ನು ಕರೆಯುವುದು ಹೆದರಿಕೆಯೆಂದು ಪರಿಗಣಿಸಲ್ಪಡುತ್ತವೆ. ಪಕ್ಕದ ಮನೆಯವರ ದೇವರನ್ನೂ ಕರೆದಲ್ಲಿ ಅದನ್ನು ವಿಶೇಷ ಹೆದರಿಕೆಯೆಂದು ನಮೂದಿಸತಕ್ಕದ್ದು.

2. ಪರೀಕ್ಷೆಗೆ ಕೂರುವವರು ತಾಯಿತಗಳನ್ನು ಬಿಚ್ಚಿ ಬಾಗಿಲಲ್ಲಿ ಒಪ್ಪಿಸತಕ್ಕದ್ದು. ಬೆಟ್ಟದ ಕುಂಕುಮಕ್ಕೆ ವಿನಾಯಿತಿ ಇದೆ. ಉಪನಿರ್ದೇಶಕರು ಅದನ್ನು ಇಟ್ಟುಕೊಳ್ಳುತ್ತಾರೆ.

3. ಉಪನಿರ್ದೇಶಕರು ಹಾಗೂ ಮೇಲ್ಪಟ್ಟ ಅಧಿಕಾರಿಗಳಿಗೆ ಹೆದರಿಕೆ ಆಗತಕ್ಕದ್ದಲ್ಲ. ಆದಲ್ಲಿ ಅದನ್ನು 'ಚಳಿ' ಎಂದು ಬರೆಯತಕ್ಕದ್ದು.

4. ದಸರಾ ವರ್ಷಕ್ಕೊಮ್ಮೆ ಮಾತ್ರ ಬರುವುದು ಕಚೇರಿಯ ಗಮನಕ್ಕೆ ಬಂದಿರುತ್ತದೆ. ಉಳಿದ ತಿಂಗಳುಗಳಲ್ಲಿ ವೋಲ್ಟೇಜನ್ನು ಇಳಿಸುವ ಸಲುವಾಗಿ ಸಿಬ್ಬಂದಿಯು ಮನೆಯಿಂದ ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್, ಮಿಕ್ಸಿ ಮುಂತಾದವನ್ನು ತಂದು ಪ್ರದರ್ಶನದುದ್ದಕ್ಕೂ ಏಕಕಾಲಕ್ಕೆ ಚಾಲನೆಯಲ್ಲಿಡತಕ್ಕದ್ದು. ಮಿಕ್ಸಿಯಲ್ಲಿ ಚಟ್ನಿ ಅರೆಯುವುದನ್ನು ನಿಷೇಧಿಸಿದೆ. ದೋಸೆಯ ವಾಸನೆ ಬಂದಲ್ಲಿ ಭಯವು ಉಳಿಯುವುದಿಲ್ಲ.

5. ಇಷ್ಟಾಗಿಯೂ ಸದರಿ ಹೆಂಗಸು ಓಡಿದಲ್ಲಿ, ಆಕೆಗೆ ಕಾರಣ ಕೇಳಿ ನೋಟಿಸು ಜಾರಿ ಮಾಡಲಾಗುವುದು.

6. ಪ್ರದರ್ಶನದ ನಂತರ ಓಣಿಯ ಕೊನೆಯ ಶೌಚಾಲಯಕ್ಕೆ ಇಬ್ಬಿಬ್ಬರಾಗಿ ಹೋಗಲು ಅನುಮತಿಸಿದೆ. ಹೊರಗೆ ನಿಂತವರು ಒಳಗಿನವರಿಗೆ ಕೇಳುವಂತೆ ಮಾತಾಡುತ್ತಿರತಕ್ಕದ್ದು. ವಿಷಯ ಸಂಬಳದ್ದಾಗಿರಬಹುದು, ಸತ್ತವರದ್ದಾಗಿರಬಾರದು.

7. ಡಬ್ಬಿ ಹದಿನಾಲ್ಕರ ಗುಜರಿ ಚೀಟಿಯನ್ನು ಕಿತ್ತುಹಾಕಲಾಗಿದೆ. ಇನ್ನು ಮುಂದೆ ಅದು ಪ್ರೇಮಲೀಲಾ ಅವರ ಸುಪರ್ದಿನಲ್ಲಿರುತ್ತದೆ.

8. ಚಿತ್ರ ನೋಡಿದ ಮಕ್ಕಳು ನಿದ್ದೆ ಮಾಡದಿದ್ದಲ್ಲಿ, ಮನೆಯ ಹಿರಿಯರು ಸದಾಶಿವಯ್ಯನವರ ಮೇಲ್ಕಂಡ ಮಾತನ್ನು ಹೇಳಿ ಮಲಗಿಸತಕ್ಕದ್ದು. ಸದರಿ ಮಾತನ್ನು ಪರೀಕ್ಷಿಸಿ ನಿಜವೆಂದು ದೃಢೀಕರಿಸಲಾಗಿದೆ.

ಸಹಿ/-
(ಸುಂದರೇಶ)
ಉಪನಿರ್ದೇಶಕರು
(ಸಹಿಯನ್ನು ಹಗಲು ಹೊತ್ತಿನಲ್ಲಿ, ಬಾಗಿಲು ತೆರೆದಿಟ್ಟು ಮಾಡಲಾಗಿದೆ)

ಪ್ರತಿಗಳು:

1. ಮೇಲಿನ ಕಚೇರಿಗೆ, ಒಬ್ಬರೇ ಇದ್ದಾಗ ಓದಬಾರದೆಂಬ ಕೋರಿಕೆಯೊಂದಿಗೆ.
2. ಗುಜರಿ ಗುತ್ತಿಗೆದಾರ ಶ್ರೀ ಮಂಟಯ್ಯ ಅವರಿಗೆ, ಗಾಡಿಯನ್ನು ಖಾಲಿಯಾಗಿ ಹಿಂದಕ್ಕೆ ಒಯ್ಯಲು.
3. ಶ್ರೀ ಚಿಕ್ಕಮಾದಯ್ಯ ಅವರಿಗೆ, ಮಣಿಕಟ್ಟಿಗೆ ಹಚ್ಚಿಕೊಳ್ಳಲು ನೋವಿನ ಎಣ್ಣೆ ಸಹಿತ.
4. ಚಿತ್ರದಲ್ಲಿರುವ ಹೆಂಗಸಿಗೆ, ಡಬ್ಬಿಯೊಳಗೆ ಇಡತಕ್ಕದ್ದು. ಇಟ್ಟ ಕೂಡಲೇ ಮುಚ್ಚಳ ಹಾಕತಕ್ಕದ್ದು.
5. ದಿವಂಗತ ಸದಾಶಿವಯ್ಯ, ವೀಳ್ಯದೆಲೆ ವ್ಯಾಪಾರಿಗಳು, ಇವರಿಗೆ, ಮಗಳ ಮುಖಾಂತರ. ನಿಧಾನವಾಗಿ ತಲುಪಿದರೂ ಅಡ್ಡಿಯಿಲ್ಲ.