ಸೂರ್ಯನ ಕಣ್ಣು ಕಟ್ಟಿದ ಕಂಬಳಿ

"ಬಿಸಿಲಿಗೆ ಹೆದರಿ ಸಿನಿಮಾ ಬಿಡೋದಾ? ಆ ಸೂರ್ಯನ ಕಣ್ಣನ್ನೇ ಕಟ್ತೀನಿ, ನೋಡ್ತಾ ಇರು!"

ಓಡೈಪಟ್ಟಿಯಲ್ಲಿ ಕುಲದ ನ್ಯಾಯ ಹೇಳುವ ಹಿರಿಯ ಚಿನ್ನಸಾಮಿ ಹೀಗೆ ಮೀಸೆ ತಿರುವಿದಾಗ, ಕೃಷಿ ಇಲಾಖೆಯ ಸಿನಿಮಾ ವ್ಯಾನು ಅವನ ಬಾಗಿಲಲ್ಲೇ ನಿಂತಿತ್ತು. ದ್ರಾಕ್ಷಿ ಬಳ್ಳಿಗೆ ಬೀಳುವ ಹುಳದ ಚಿತ್ರ. ಯಂತ್ರ ನಡೆಸುವ ಜೆಯರಾಜ್ ತಲೆ ಕೆರೆದುಕೊಂಡ.

"ಅಯ್ಯಾ, ಬೆಳಕಲ್ಲಿ ಪಡ ನಿಲ್ಲೋದಿಲ್ಲ, ಚಿತ್ರ ಮೂಡೋದೇ ಇಲ್ಲ. ಸಾಯಂಕಾಲ ನಮಗೆ ಕೊಂಬೈಲಿ ಆಟ. ನಾಲ್ಕಕ್ಕೆ ಹೊರಡ್ತೀವಿ."

ಕೊಂಬೈ! ಹೆಂಡತಿ ಮೂಕಮ್ಮಾಳ್‌ಳ ಅಣ್ಣ ಅಳಗರ್‌ನ ಊರು! "ನಿಮ್ಮೂರಿಗಿಂತ ಮೊದಲು ನಮ್ಮೂರಲ್ಲೇ ಸಿನಿಮಾ" ಎಂದು ಆತ ಸಾಯುವ ತನಕ ಚುಚ್ಚದೆ ಬಿಟ್ಟಾನೆಯೆ? ಇತ್ತ ಊರಿಗೆ ಊರೇ ಆಗಲೇ ಹಜಾರದಲ್ಲಿ ಕೂತಿತ್ತು.

ಮೊದಲು ಹಜಾರದ ಗೋಡೆಯ ಮೇಲೆ ಬಿಟ್ಟು ನೋಡಿದರು. ಮೇಲೆ ತೆರೆದ ತೊಟ್ಟಿಯಿಂದ ಸುರಿದ ಬಿಸಿಲಿಗೆ ಸುಣ್ಣದ ಗೋಡೆಯೇ ಎರಡನೆಯ ಸೂರ್ಯನಾಗಿತ್ತು. ಚಿತ್ರದ ದ್ರಾಕ್ಷಿ ತೋಟ ಜೇಡರ ಬಲೆಯಂತೆ ಕಂಡಿತು.

ಆಮೇಲೆ ಅಡುಗೆಮನೆ ಬಾಗಿಲಿಗೆ ಪರದೆಯಾಗಿ ಅವನ ಹೊಸ ವೇಷ್ಟಿ, ಬಿಳಿ ಪಂಚೆ. ಹಜಾರದವರಿಗೆ ಏನೂ ಕಾಣಲಿಲ್ಲ. ಬೆಳಕು ಬಟ್ಟೆ ತೂರಿ ಒಳಗೆ ಹೋಗಿ, ಕತ್ತಲೆಯಲ್ಲಿ ಸಾರು ಇಳಿಸುತ್ತಿದ್ದ ಮೂಕಮ್ಮಾಳ್‌ಳ ತೋಳಿನ ಮೇಲೆ ಗೇಣುದ್ದದ ಹುಳವಾಗಿ ಹರಿಯಿತು!

"ಅಯ್ಯಯ್ಯೋ!" ಮಡಕೆ ಹಾರಿತು. ವೇಷ್ಟಿಗೆ ಹುಣಸೆ ಸಾರಿನ ಅಭಿಷೇಕವಾಯಿತು.

"ಬಿಳಿಗೆ ಬೆಳಕು ಉಗುಳೋ ಬುದ್ಧಿ. ಕಪ್ಪಾದರೆ ನುಂಗ್ತದೆ. ತನ್ನಿ ಇದ್ದಲು!" ಎಂದು ಗುಡುಗಿದ ಚಿನ್ನಸಾಮಿ.

"ಮೊನ್ನೆ ತಾನೆ ನಾನು ಸುಣ್ಣ ಬಳಿದ ಗೋಡೆ ಅದು!" ಎಂದು ಮೂಕಮ್ಮಾಳ್ ಅಡ್ಡ ಬಂದಳು.

"ವಿಜ್ಞಾನದ ನಡುವೆ ಸುಣ್ಣ ತರಬೇಡ!"

ಕಪ್ಪು ಗೋಡೆ ಬೆಳಕನ್ನು ನುಂಗಿತು, ನಿಜ. ಜೊತೆಗೆ ಸಿನಿಮಾವನ್ನೂ ನುಂಗಿತು.

ಗಂಟೆ ಮೂರೂವರೆ. ಚಿನ್ನಸಾಮಿ ಬೋನಿನ ಕರಡಿಯಂತೆ ಸುತ್ತಿದ. ಉಳಿದದ್ದು ಒಂದೇ ದಾರಿ: ತೊಟ್ಟಿಯ ಬಾಯಿ ಮುಚ್ಚುವುದು. ಅಷ್ಟು ದೊಡ್ಡ ಬಟ್ಟೆ ಊರಲ್ಲಿ ಒಂದೇ, ಅವನ ಸುಪರ್ದಿನಲ್ಲಿದ್ದ ಕುಲದ ಕರಿ ಕಂಬಳಿ! ಪೆಟ್ಟಿಗೆಯಿಂದ ಎಳೆದ, ಹಂಚಿನ ಮೇಲೆ ಹತ್ತಿದ, ಬೀಸಿದ. ಗಾಳಿ ಹಿಡಿದ ಕಂಬಳಿ ಒಮ್ಮೆ ಹೊರಳಿ, ಹಜಾರದ ನಟ್ಟನಡುವೆ ಸುಕ್ಕಿಲ್ಲದೆ ಹಾಸಿಕೊಂಡಿತು.

ಕೂಡಲೇ ಎಲ್ಲರೂ ಮೇಲುವಸ್ತ್ರ ಕಂಕುಳಿಗೆ ಸೇರಿಸಿದರು. ಕುಲದ ಕಂಬಳಿ ಹಾಸಿಕೊಂಡಿತೆಂದರೆ ಪಂಚಾಯ್ತಿ ಕೂಡಿದಂತೆ. ದೂರೆಲ್ಲ ಕೇಳಿ ಮುಗಿಯುವ ತನಕ ಮಡಿಸುವಂತಿಲ್ಲ. ಮುದುಕ ಪೆರುಮಾಳ್ ಒಂದು ಚೊಂಬು ನೀರು ತಂದು ಅದರ ಮೇಲಿಟ್ಟ.

"ಕಂಬಳಿ ಬಿತ್ತು. ಯಾರ ದೂರು?"

"ಲೋ ಪೆರುಮಾಳು, ಅದು ತಾನಾಗೇ ಬಿದ್ದದ್ದಪ್ಪಾ!" ಎಂದು ಹಂಚಿನ ಮೇಲಿಂದ ಚಿನ್ನಸಾಮಿ ಕೂಗಿದ.

"ನನ್ನ ದೂರು!" ಎಂದಳು ಮೂಕಮ್ಮಾಳ್, ಸೆರಗು ಸಿಕ್ಕಿಸಿಕೊಂಡು. "ನ್ಯಾಯ ಹೇಳೋರು ಇಳಿದು ಬಂದು ಕೂರಲಿ."

ಗೋಡೆ, ಸಾರು, ವೇಷ್ಟಿಯಿಂದ ಹೊರಟ ದೂರು ಮೂವತ್ತು ವರ್ಷ ಹಿಂದಕ್ಕೆ ನಡೆದು, ಮದುವೆ ಚಪ್ಪರದಲ್ಲಿ ಗಂಡ ಆಡಿದ ಮಾತಿನ ತನಕ ಹೋಯಿತು. ನಡುವೆ ವ್ಯಾನು ಎರಡು ಸಲ ಹಾರನ್ ಹೊಡೆದು ಕೊಂಬೈ ಕಡೆ ಹೊರಟೇಹೋಯಿತು. ಕಂಬಳಿಯ ಮುಂದೆ ಕೂತ ಚಿನ್ನಸಾಮಿ ಕದಲುವಂತಿಲ್ಲ! ದೂರು ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿ, ಹಜಾರದಲ್ಲಿ ಎಂಥಾ ಸೊಗಸಾದ ಕತ್ತಲೆ!

"ತೀರ್ಪು ಆಗಲಿ" ಎಂದ ಪೆರುಮಾಳ್.

"ತಪ್ಪು... ಚಿನ್ನಸಾಮಿಯದೇ. ಗೋಡೆಗೆ ಅವನೇ ಸುಣ್ಣ ಬಳಿಯಬೇಕು" ಎಂದ ಚಿನ್ನಸಾಮಿ, ಗಂಟಲಲ್ಲೇ.

"ಇರಿ, ದೀಪ ತರ್ತೀನಿ."

"ಬೇಡ ಮೂಕಮ್ಮಾ! ಕತ್ತಲೆ ಹಿತವಾಗಿದೆ."

ತಂದೇ ತಂದಳು. ಅವನ ಮುಖದ ಮುಂದೆ ಹಿಡಿದಳು. ಇದ್ದಲು ಬಳಿದ ಗೋಡೆಯ ಮುಂದೆ, ಒಂದಿಷ್ಟೂ ಕಣ್ಣು ಕುಕ್ಕದೆ, ಮೀಸೆಯ ಒಂದೊಂದು ಕೂದಲೂ ಎಣಿಸುವಷ್ಟು ಸ್ಪಷ್ಟವಾಗಿ ಅವನ ಪೆಚ್ಚು ಮುಖ ಮೂಡಿತು.

"ನೋಡಿ, ಈಗ ನಿಂತಿತು ಪಡ!" ಎಂದಳು ಮೂಕಮ್ಮಾಳ್.