ಕೂತ ಬುಟ್ಟಿ, ನಿಂತ ಸಾಹೇಬರು

ದಾವಣಗೆರೆಯಿಂದ ಹರಿಹರಕ್ಕೆ ಹೊರಡುವ ಬೆಳಗಿನ ಬಸ್ಸಿನಲ್ಲಿ ಜಗಳ ಹತ್ತಿದ್ದು ಒಂದು ಬುಟ್ಟಿಯಿಂದ. ಡ್ರೈವರ್ ಕೆಳಗೆ ನಿಂತು ಎಂಜಿನ್ ಚಾಲೂ ಮಾಡಲು ಹ್ಯಾಂಡಲ್ ತಿರುವುತ್ತಿದ್ದ. ಒಳಗೆ ಆನಗೋಡಿನ ದ್ರಾಕ್ಷಾಯಣಮ್ಮ ಕಿಟಕಿ ಪಕ್ಕ ತಾನು ಕೂತು, ಮಗ್ಗುಲ ಸೀಟಿನಲ್ಲಿ ಬುಟ್ಟಿಯನ್ನು ಕೂರಿಸಿದ್ದಳು. ಅರಿವೆ ವ್ಯಾಪಾರಿ ಜಮಾಲುದ್ದೀನ್ ಸಾಹೇಬರು ನಿಂತಿದ್ದರು.

"ಅಮ್ಮಾ, ಬುಟ್ಟಿ ಕೆಳಗಿಡ್ರಿ."

"ನಿಮಗೆ ಕಾಲೈತೆ, ನಿಲ್ರಿ. ಬುಟ್ಟಿಗೆ ಕಾಲಿಲ್ಲ, ಕೂಡ್ತೈತೆ."

ಕಂಡಕ್ಟರ್ ವಾಮದೇವಪ್ಪ ಬಂದ.

"ಮುಟ್ಟಿದ್ರೆ ಗಾಲಿಗೆ ಅಡ್ಡ ಮಲಗ್ತೀನಿ!" ಎಂದಳು ದ್ರಾಕ್ಷಾಯಣಮ್ಮ.

ಬೇರೆಯವನಾಗಿದ್ದರೆ ಬುಟ್ಟಿಯನ್ನು ಟಾಪಿಗೆ ಎಸೆಯುತ್ತಿದ್ದ. ಕೂಗಾಡುವವರ ಹೊಟ್ಟೆಯೊಳಗೆ ಏನೋ ಸಂಕಟ ಇರುತ್ತದೆಂಬುದು ವಾಮದೇವಪ್ಪನ ನಂಬಿಕೆ. ಆ ನಂಬಿಕೆಯಿಂದಲೇ ಅವನು ಇಷ್ಟು ವರ್ಷ ಯಾರ ಕೈಲೂ ಏಟು ತಿನ್ನದೆ ಟಿಕೆಟ್ ಹರಿದಿದ್ದ. ಅವಳೆದುರು ಕುಕ್ಕರುಗಾಲಲ್ಲಿ ಕೂತು ಕೇಳಿದ: "ಮುಟ್ಟಲ್ಲ ತಾಯಿ. ಯಾಕ ಇಷ್ಟು ನೊಂದೀರಿ? ಏನಾತ್ರಿ?"

ಬೈಯಲು ಬಾಯಿ ತೆರೆದವಳು ಏರಿ ಒಡೆದ ಕೆರೆಯಂತೆ ಅತ್ತಳು.

"ಮಗಳು ಹರಿಹರದಾಗ ಹಡದಾಳಪ್ಪಾ. ಚೊಚ್ಚಲು! ತವರಿಗೆ ಕಳಿಸ್ಲಿಲ್ಲ. ಕೂಸು ಹುಟ್ಟಿದ್ದನ್ನ ನನಗೆ ಬಳೆ ಮಾರೋ ಮಾಬೂಬೀ ಹೇಳ್ಬೇಕೇನು? ಅಳಿಯಗೆ ಹೊಸ ನೌಕರಿ ಸಿಕ್ಕೈತೆ, ತಲೆ ತಿರುಗೈತೆ."

ಬಸ್ಸು ಹೊರಟಿತು. ಬಸ್ಸಿನೊಳಗೆಲ್ಲ ಲೊಚಗುಟ್ಟುವ ಸದ್ದು. ಸಾಹೇಬರೂ "ಛೇ, ಛೇ" ಎಂದರು.

"ಅಂಥವಗೆ ಕರುಳಿಲ್ಲ ಬಿಡ್ರಿ. ಕಲ್ಲು," ಎಂದ ವಾಮದೇವಪ್ಪ, ಮನಸ್ಸಿಟ್ಟು.

ದ್ರಾಕ್ಷಾಯಣಮ್ಮನ ಎದೆ ಹಗುರಾಯಿತು. ತಾನೇ ಬುಟ್ಟಿಯನ್ನು ತೊಡೆಗೆ ಎಳೆದುಕೊಂಡು ಸಾಹೇಬರಿಗೆ ಜಾಗ ಬಿಟ್ಟಳು. ಬಾಣಂತಿಗೆಂದು ತಂದ ಅಂಟಿನುಂಡೆಯೊಂದನ್ನು ಕಂಡಕ್ಟರನ ಕೈಗಿಟ್ಟಳು.

ಹರಿಹರ ಇನ್ನೇನು ಬಂತು ಎನ್ನುವಾಗ ಒಬ್ಬರು ಕೈ ಅಡ್ಡ ಹಿಡಿದು ಹತ್ತಿದರು. ಆ ವಾರವಷ್ಟೇ ಬಸ್ ಕಂಪನಿಗೆ ಸೇರಿದ ಚೆಕಿಂಗ್ ಇನ್‌ಸ್ಪೆಕ್ಟರ್ ಕರಿಬಸವರಾಜ. ವಾಮದೇವಪ್ಪ ಬಾಯಿತುಂಬ ಉಂಡೆ ಇಟ್ಟುಕೊಂಡೇ ಸಲಾಮು ಹೊಡೆದ.

ಇನ್‌ಸ್ಪೆಕ್ಟರ್ ಅವನನ್ನು ನೋಡಲೇ ಇಲ್ಲ. "ಅತ್ತೇರಾ!" ಎಂದರು.

"ಬಂದ್ಯಾ? ನಿನಗೆ ಕರುಳಿಲ್ಲಂತೆ, ನೀನು ಕಲ್ಲಂತೆ. ಈ ಪುಣ್ಯಾತ್ಮನೇ ಅಂದ. ಬಸ್ಸಿನೋರೆಲ್ಲ ಹೌದು ಅಂದ್ರು!"

ಬಸ್ಸಿನವರೆಲ್ಲ ಕಿಟಕಿಯಾಚೆ ನೋಡತೊಡಗಿದರು.

ವಾಮದೇವಪ್ಪ ಉಂಡೆ ನುಂಗಿದ. "ಸರ್, ನಿಮ್ಮ ಸಂಕಟಾನೂ ನನಗೆ ಅರ್ಥ ಆಗ್ತೈತೆ..."

ಇನ್‌ಸ್ಪೆಕ್ಟರ್ ತಲೆ ತಗ್ಗಿಸಿ ಅತ್ತೆಗೆ ಹೇಳಿದರು: "ಮುಂದಿನ ವಾರ ಆನಗೋಡಿಗೆ ಕರ್ಕೊಂಡು ಬರೋನಿದ್ದೆ. ಮುಂಚೇನೇ ನೋವು ಬಂತ್ರಿ. ನನಗೆ ಕೈಕಾಲೇ ಆಡ್ಲಿಲ್ಲ. ಇವತ್ತು ಡ್ಯೂಟಿ ಮುಗಿಸಿ ನಿಮ್ಮ ಹತ್ರಾನೇ ಹೊರಡೋನಿದ್ದೆ. ಕೂಸು ನಿಮ್ಮಂಗೇ ಐತ್ರಿ. ಹುಟ್ಟಿದಾಗಿಂದ ಬಾಯಿ ಮುಚ್ಚಿಲ್ಲ."

ದ್ರಾಕ್ಷಾಯಣಮ್ಮ ನಕ್ಕುಬಿಟ್ಟಳು. ಸೆರಗಿನಿಂದ ತನ್ನ ಕಣ್ಣು ಒರೆಸಿಕೊಂಡು, ಅಳಿಯನ ಹಣೆಯ ಬೆವರನ್ನೂ ಒರೆಸಿದಳು. ವಾಮದೇವಪ್ಪನ ಕಣ್ಣೂ ತುಂಬಿತು.

ಆಗ ಅವಳು ಅವನತ್ತ ತಿರುಗಿದಳು. "ಅಲ್ಲಯ್ಯಾ, ನಮ್ಮ ಮನೆ ಮಾತಿಗೆ ನೀನು ಯಾಕ ಬಾಯಿ ಹಾಕ್ದಿ? ಚಿನ್ನದಂಥ ಅಳಿಯನ್ನ ಕಲ್ಲು ಅನ್ನಾಕ ನೀನ್ಯಾರು?"

"ನಾನೂ ಅದನ್ನೇ ಅಂದ್ಕೊಂಡೆ," ಎಂದರು ಜಮಾಲುದ್ದೀನ್ ಸಾಹೇಬರು, ಆರಾಮಾಗಿ ಕೂತು.

"ನೀವು ನೊಂದ್ಕೋಬ್ಯಾಡ್ರಿ ಅತ್ತೆ," ಎನ್ನುತ್ತ ಇನ್‌ಸ್ಪೆಕ್ಟರ್ ವಾಮದೇವಪ್ಪನ ಹೆಗಲಿಂದ ಟಿಕೆಟ್ ಚೀಲ ಇಳಿಸಿಕೊಂಡರು. "ನಾಳೆಯಿಂದ ಷೆಡ್ಡಿಗೆ ಬಂದು ಬಸ್ಸು ತೊಳಿ. ಅವಕ್ಕೆ ಏನು ಬೇಕಾದ್ರೂ ಅನ್ನು. ಬಸ್ಸಿಗೆ ಅಳಿಯಂದಿರಿರಲ್ಲ."