ಕಾಶ್ಯಪ ಗೋತ್ರದ ಹನ್ನೊಂದು ಮಂದಿ

ತಮ್ಮ ದುಃಖ ಸಾಲದೆಂದು ಪರರ ದುಃಖವನ್ನೂ ಮನೆಗೆ ತಂದು ಸಾಕುವವರು ಎಲ್ಲ ಕಡೆಯೂ ಇರುತ್ತಾರೆ. ಕೆಲವರು ಧಾರಾವಾಹಿಯ ಸೊಸೆಗಾಗಿ ಅಳುತ್ತಾರೆ, ಕೆಲವರು ಷೇರುಪೇಟೆಗಾಗಿ. ನಮ್ಮದು ಸ್ವಲ್ಪ ದೂರದ ದುಃಖ. ನಾವಿರುವುದು ನ್ಯೂಜೆರ್ಸಿಯ ಹಿಲ್ಸ್‌ಬರೋದಲ್ಲಿ. ನಮ್ಮ ದುಃಖ ಇರುವುದು ಇಂಗ್ಲೆಂಡಿನ ಉತ್ತರಕ್ಕಿರುವ ಮಾರ್ಲ್‌ಬೆಕ್ ಎಂಬ ಪುಟ್ಟ ಊರಿನ ಫುಟ್‌ಬಾಲ್ ತಂಡದಲ್ಲಿ. ಶನಿವಾರ ಅಲ್ಲಿ ಮಧ್ಯಾಹ್ನದ ಆಟ ಶುರುವಾಗುವಾಗ ನಮಗೆ ಬೆಳಿಗ್ಗೆ ಹತ್ತು ಗಂಟೆ, ಅಂದರೆ ತಿಂಡಿಯ ಹೊತ್ತು. ತಂಡ ಸೋತರೆ ನಾನು ಮಾಡಿದ ಉಪ್ಪಿಟ್ಟು ಬಾಣಲೆಯಲ್ಲೇ ತಣ್ಣಗಾಗುತ್ತದೆ. ಭಾನುವಾರವೂ ಮನೆಯಲ್ಲಿ ಯಾರೂ ಜೋರಾಗಿ ನಗುವಂತಿಲ್ಲ. ತಂಡ ಗೆದ್ದಾಗಲೂ ಉಪ್ಪಿಟ್ಟು ಹಾಗೇ ಉಳಿಯುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ, ಅದು ಬೇರೆ ವಿಷಯ.

ಈ ದುಃಖ ತಂದವಳು ಅವಳೇ, ವಸುಧಾ. ಡಾಕ್ಟರ್. ಮದುವೆಗೆ ಮುಂಚೆ ಆ ಊರಿನ ಆಸ್ಪತ್ರೆಯಲ್ಲಿ ತರಬೇತಿಗೆ ಇದ್ದಳು. ಅಲ್ಲಿ ಮೊದಲ ಸಲ ಪರೀಕ್ಷೆಯಲ್ಲಿ ಫೇಲಾಗಿ, ಪೆಟ್ಟಿಗೆ ಕಟ್ಟಿ ಧಾರವಾಡಕ್ಕೆ ವಾಪಸ್ ಹೊರಟಿದ್ದಾಗ, ಮನೆ ಬಾಡಿಗೆಗೆ ಕೊಟ್ಟಿದ್ದ ಜೋನ್ ಎಂಬ ಹೆಂಗಸು ಸಮಾಧಾನದ ಒಂದು ಮಾತನ್ನೂ ಆಡದೆ ಕೋಟು ಹೊದಿಸಿ ಫುಟ್‌ಬಾಲ್ ಮೈದಾನಕ್ಕೆ ಕರೆದುಕೊಂಡು ಹೋದಳಂತೆ. ಅವತ್ತು ಮಾರ್ಲ್‌ಬೆಕ್ ಟೌನ್ ಹೀನಾಯವಾಗಿ ಸೋತಿತು. ಬಂದಿದ್ದ ಜನವೆಲ್ಲ ಎದ್ದು ಕೋಟು ಕೊಡವಿಕೊಂಡು, ಮುಂದಿನ ಶನಿವಾರ ಸಿಗೋಣ ಎಂದು ಒಬ್ಬರಿಗೊಬ್ಬರು ಹೇಳಿ ಮನೆಗೆ ಹೋದರು. ವಸುಧಾ ಪೆಟ್ಟಿಗೆ ಬಿಚ್ಚಿದಳು. ಎರಡನೇ ಸಲ ಪಾಸಾದಳು. ಅದಕ್ಕೇ ಆ ತಂಡದ ಋಣ ತೀರುವುದಿಲ್ಲ ಎನ್ನುತ್ತಾಳೆ. ನಮ್ಮ ಮನೆಯಲ್ಲಿ ಜೋನಮ್ಮ ಎಂದೇ ಹೆಸರಾಗಿರುವ ಆ ಮುದುಕಿಗೆ ಪ್ರತಿ ಪಂದ್ಯ ಮುಗಿದ ಮೇಲೂ ಫೋನು ಹೋಗುತ್ತದೆ.

ಮಾರ್ಲ್‌ಬೆಕ್ ಆಡುವುದು ಅಲ್ಲಿನ ಐದನೇ ದರ್ಜೆಯ ಲೀಗಿನಲ್ಲಿ. ಲೀಗಿನ ತಲೆಯಲ್ಲಿರುವವರು ಮೇಲಿನ ದರ್ಜೆಗೆ ಏರುತ್ತಾರೆ, ಬುಡದಲ್ಲಿರುವ ನಾಲ್ಕು ತಂಡಗಳು ಕೆಳಕ್ಕೆ ಇಳಿಯುತ್ತವೆ. ಈ ವರ್ಷ ನಮ್ಮವರು ಆಗಸ್ಟಿನಿಂದಲೂ ಬುಡ ಬಿಟ್ಟು ಕದಲಲಿಲ್ಲ. ಆರಕ್ಕೇರಲಿಲ್ಲ ಎನ್ನುವ ಮಾತು ಮೂರಕ್ಕಿಳಿಯದವರಿಗೆ ಸರಿ, ಇವರು ಇಳಿಯುವುದಕ್ಕೇ ಸಿದ್ಧವಾಗಿ ಕೂತಿದ್ದರು. ಇಳಿದರೆ ಆಟಗಾರರು ಚದುರಿಹೋಗುತ್ತಾರೆ, ಮತ್ತೆ ಏರುವುದನ್ನು ಜೋನಮ್ಮ ಈ ಜನ್ಮದಲ್ಲಿ ನೋಡುವುದಿಲ್ಲ ಎಂದು ವಸುಧಾಳ ಕೊರಗು. ಅವಳ ಕಣ್ಣು ತುಂಬಿದ್ದನ್ನು ನೋಡಿದ ಮೇಲೆ ನನಗೂ ತಮಾಷೆ ಮಾಡಲು ಮನಸ್ಸು ಬರಲಿಲ್ಲ.

ಇಂಥ ಹೊತ್ತಿನಲ್ಲಿ ಧಾರವಾಡದಿಂದ ನಮ್ಮ ಅತ್ತೆ ಬಂದರು. ನ್ಯೂಜೆರ್ಸಿಯ ಚಳಿಗಾಲದಲ್ಲಿ ಮನೆಯೊಳಗೆ ಕೂತವರಿಗೆ ಮಾಡಲು ಏನಿದೆ? ಎರಡನೇ ಶನಿವಾರದ ಹೊತ್ತಿಗೆ ಮಗಳ ಪಕ್ಕದಲ್ಲಿ ಶಾಲು ಹೊದ್ದು ಕೂತು ಆಟ ನೋಡತೊಡಗಿದರು. ಜೀವಮಾನವೆಲ್ಲ ಸರ್ಕಾರಿ ಕಚೇರಿಯಲ್ಲಿ ದುಡಿದವರಾದ್ದರಿಂದ ಲೀಗಿನ ನಿಯಮ ಅವರಿಗೆ ಒಂದೇ ಮಾತಿನಲ್ಲಿ ಅರ್ಥವಾಯಿತು. ಬಡ್ತಿ ಮತ್ತು ಹಿಂಬಡ್ತಿ. ಬಡ್ತಿ ಸಿಗದಿದ್ದರೂ ಬದುಕಬಹುದು, ಹಿಂಬಡ್ತಿಯಾದವನು ತಲೆ ಎತ್ತಿ ಕ್ಯಾಂಟೀನಿಗೆ ಹೋಗಲಾರ ಎಂದರು. ನಾನು ಆಫ್‌ಸೈಡ್ ಎಂದರೇನೆಂದು ಇವತ್ತಿಗೂ ತಿಳಿಯದೆ ತಲೆಯಾಡಿಸುತ್ತಿರುವಾಗ, ಅತ್ತೆ ರೆಫ್ರಿಯ ತಪ್ಪು ಹಿಡಿಯುತ್ತಿದ್ದರು.

ಸಂಕ್ರಾಂತಿ ಕಳೆದ ಮೇಲೆ ಅವರು ಫ್ಲಶಿಂಗಿನ ದೇವಸ್ಥಾನದ ಗಣಪತಿಗೆ ಹರಕೆ ಹೊತ್ತರು. ಕರೆದುಕೊಂಡು ಹೋದವನು ನಾನೇ. ಅರ್ಚನೆ ಯಾರ ಹೆಸರಿಗೆ ಎಂದು ಅರ್ಚಕರು ಕೇಳಿದಾಗ ಅತ್ತೆ ಮಾರ್ಲ್‌ಬೆಕ್ ಎಂದರು. ಅಮೆರಿಕದಲ್ಲಿ ಹುಟ್ಟಿದ ಮೊಮ್ಮಕ್ಕಳ ಹೆಸರು ಎಂತೆಂಥದ್ದನ್ನೋ ಕೇಳಿದ್ದ ಅರ್ಚಕರು ಹುಬ್ಬು ಕೂಡ ಏರಿಸಲಿಲ್ಲ. ಹೆಸರಿನ ಮೊದಲಕ್ಷರ ‘ಮಾ’ ಆದ್ದರಿಂದ ಮಖಾ ನಕ್ಷತ್ರ, ಸಿಂಹ ರಾಶಿ ಎಂದು ಅವರೇ ನಿರ್ಧರಿಸಿದರು. ಗೋತ್ರ ಗೊತ್ತಿಲ್ಲ ಎಂದಾಗ, ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಗೋತ್ರವೇ ಎಂದು ಮಂತ್ರ ಶುರು ಮಾಡಿದರು. ಹೀಗೆ ಉತ್ತರ ಇಂಗ್ಲೆಂಡಿನ ಹನ್ನೊಂದು ಮಂದಿ ನನ್ನ ಕಣ್ಣೆದುರಿಗೇ ಕಾಶ್ಯಪ ಗೋತ್ರಕ್ಕೆ ಸೇರಿದರು. ಆಮೇಲೆ ದೇವಸ್ಥಾನದ ಕ್ಯಾಂಟೀನಿನಲ್ಲಿ ದೋಸೆ ತಿಂದು ಮನೆಗೆ ಬಂದೆವು.

ಹರಕೆ ಫಲಿಸಿತು. ಫಲಿಸಿದ ರೀತಿ ಮಾತ್ರ ವಿಚಿತ್ರವಾಗಿತ್ತು. ಅಲ್ಲಿಂದ ಮುಂದೆ ಮಾರ್ಲ್‌ಬೆಕ್ ಸೋಲಲೇ ಇಲ್ಲ, ಗೆಲ್ಲಲೂ ಇಲ್ಲ. ಶನಿವಾರದ ಮೇಲೆ ಶನಿವಾರ ಬರೀ ಡ್ರಾ. ಡ್ರಾಗೆ ಒಂದು ಅಂಕ, ಗೆದ್ದರೆ ಮೂರು. ಒಂದೊಂದೇ ಅಂಕ ಕೂಡಿಸಿಕೊಂಡು ಬುಡದಿಂದ ಮೇಲೆ ಬರುವುದೆಂದರೆ ಚಮಚದಲ್ಲಿ ಬಾವಿ ಬರಿದು ಮಾಡಿದ ಹಾಗೆ. ಅತ್ತೆ ದೇವರಲ್ಲಿ ಏನೆಂದು ಕೇಳಿಕೊಂಡಿದ್ದರು ಎಂದು ವಸುಧಾ ವಿಚಾರಣೆ ನಡೆಸಿದಳು. ಸೋಲಬಾರದು ಎಂದಷ್ಟೇ ಕೇಳಿದ್ದಂತೆ. ಗೆಲ್ಲಲಿ ಅಂತ ಯಾಕೆ ಕೇಳಲಿಲ್ಲ ಎಂದು ಮಗಳು ರೇಗಿದಾಗ ಅತ್ತೆ ಶಾಲು ಸರಿಮಾಡಿಕೊಂಡು ಹೇಳಿದರು:

“ಎದುರಿನವ್ರೂ ಯಾರೋ ಹಡದ ಮಕ್ಕಳಽ ಅಲ್ಲೇನ? ಅವರು ಸೋಲ್ಲಿ ಅಂತ ದೇವರ ಮುಂದ ಹೆಂಗ ಬೇಡ್ಕೊಳ್ಲಿ?”

ನನಗೆ ಬೇರೆ ಅನುಮಾನ ಬಂತು. ಸಾಫ್ಟ್‌ವೇರಿನವನು ನಾನು, ತಪ್ಪಿನ ಮೂಲ ಹುಡುಕುವುದು ಕಸುಬು. ಮಾರ್ಲ್‌ಬೆಕ್‌ಗೆ ಗೋತ್ರ ಗೊತ್ತಿಲ್ಲ, ಆದ್ದರಿಂದ ಕಾಶ್ಯಪ. ಎದುರಿನ ತಂಡದವರಿಗೂ ಗೋತ್ರ ಗೊತ್ತಿಲ್ಲ, ಅಂದರೆ ಅವರೂ ಕಾಶ್ಯಪರೇ. ದಾಯಾದಿಗಳು ಜಗಳಕ್ಕೆ ಬಂದರೆ ಹಿರಿಯರು ಸಮಪಾಲು ಮಾಡಿ ಕಳಿಸುವುದಿಲ್ಲವೇ? ಗಣಪತಿ ವಾರವಾರವೂ ಅದನ್ನೇ ಮಾಡುತ್ತಿದ್ದಾನೆ. ನಮ್ಮವರಿಗೆ ಬೇರೆ ಗೋತ್ರ ಕೊಡಿಸದೆ ಗತಿಯಿಲ್ಲ.

ಕೊನೆಯ ಪಂದ್ಯಕ್ಕೆ ಮುಂಚಿನ ವಾರ, ಅದೇ ದಾರಿಯ ಜ್ಯಾಕ್ಸನ್ ಹೈಟ್ಸ್‌ನ ಅಂಗಡಿಗಳಲ್ಲಿ ತೊಗರಿಬೇಳೆ ಚೆನ್ನಾಗಿ ಸಿಗುತ್ತದೆ ಎಂದು ನೆಪ ಹೇಳಿ ಒಬ್ಬನೇ ಫ್ಲಶಿಂಗಿಗೆ ಹೋದೆ. ಮಾರ್ಲ್‌ಬೆಕ್ ಹೆಸರಿಗೆ ನನ್ನ ಸ್ವಂತ ಭಾರದ್ವಾಜ ಗೋತ್ರವನ್ನೂ, ಬೇಕಾದೀತು ಎಂದು ನನ್ನ ಭರಣಿ ನಕ್ಷತ್ರವನ್ನೂ ಧಾರೆಯೆರೆದು, ಗೆಲ್ಲಲೇಬೇಕು ಎಂದು ಸ್ಪಷ್ಟವಾಗಿ ಕೇಳಿಕೊಂಡೆ. ಭರಣಿಯಲ್ಲಿ ಹುಟ್ಟಿದವನು ಧರಣಿ ಆಳುತ್ತಾನೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ನಾನು ಇದುವರೆಗೆ ಆಳಿದ್ದು ಮನೆಮುಂದಿನ ರೀಸೈಕ್ಲಿಂಗ್ ಡಬ್ಬಿಯನ್ನು ಮಾತ್ರ. ಶಾಲೆಯ ಕೇರಂನಿಂದ ಹಿಡಿದು ಕನ್ನಡ ಸಂಘದ ತಂಬೋಲದವರೆಗೆ ಯಾವುದರಲ್ಲೂ ನಾನು ಗೆದ್ದವನಲ್ಲ. ಈ ಸತ್ಯ ನನಗೆ ಅಲ್ಲಿ ಹೊಳೆಯಬೇಕಿತ್ತು. ಹೊಳೆದದ್ದು ಕೊನೆಯ ಪಂದ್ಯದ ಮೊದಲರ್ಧದಲ್ಲಿ, ಅಷ್ಟು ದಿನ ಸೋಲದಿದ್ದ ಮಾರ್ಲ್‌ಬೆಕ್ ಎರಡು ಗೋಲು ತಿಂದು ಕೂತಾಗ.

ಗೆದ್ದರೆ, ನಮಗಿಂತ ಒಂದು ಮೆಟ್ಟಿಲು ಮೇಲಿದ್ದ ತಂಡ ಗೆಲ್ಲದಿದ್ದರೆ ಸಾಕು, ಉಳಿವು. ಡ್ರಾ ಆದರೆ ಆ ತಂಡ ತಾನು ಆಡುತ್ತಿದ್ದ ಬೇರೆ ಮೈದಾನದಲ್ಲಿ ಸೋಲಲೇಬೇಕು. ಸೋತರೆ ಕತೆ ಮುಗಿಯಿತು. ವಸುಧಾ ಸೋಫಾದ ಮೂಲೆಯಲ್ಲಿ ಕಾಲು ಮಡಚಿಕೊಂಡು, ಮುಖ ದಿಂಬಿಗೆ ಒತ್ತಿ ಕೂತಿದ್ದಳು. ಪೆಟ್ಟಿಗೆ ಕಟ್ಟಿಕೊಂಡಿದ್ದ ಆ ಹುಡುಗಿ ಹೀಗೇ ಇದ್ದಿರಬೇಕು ಎನ್ನಿಸಿ ಸಂಕಟವಾಯಿತು. ತಡೆಯಲಾಗದೆ ಅಡುಗೆಮನೆಗೆ ಹೋಗಿ ಅತ್ತೆಯ ಹತ್ತಿರ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಒಂದು ನಿಮಿಷ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ನಿಮ್ಮ ನಕ್ಷತ್ರಾನೂ ಕೊಟ್ಟೀರೇನ್ರಿ?” ಎಂದರು.

ಕೈ ತೊಳೆದು, ದೇವರ ಗೂಡಿನ ಮುಂದೆ ದೀಪ ಹಚ್ಚಿ, ಕಚೇರಿಯಲ್ಲಿ ಫೈಲು ತಿದ್ದಿಸುವವರ ಧ್ವನಿಯಲ್ಲಿ ಗಣಪತಿಗೆ ವಿವರಿಸಿದರು. ಈ ಹುಡುಗರು ಅಳಿಯಂದಿರ ಗೋತ್ರದವರಲ್ಲ, ಮೊದಲಿನ ಹಾಗೆ ಕಾಶ್ಯಪರೇ. ನಕ್ಷತ್ರವೂ ಮಖಾ. ಸೋಲಬಾರದು, ಅಷ್ಟೇ.

ದ್ವಿತೀಯಾರ್ಧದಲ್ಲಿ ಒಂದು ಗೋಲು ಬಂತು. ಆಟ ಮುಗಿಯುವ ಹೊತ್ತಿಗೆ, ಯಾರದೋ ಮೊಣಕಾಲಿಗೆ ಬಡಿದು, ಇನ್ನೊಂದು. ಮತ್ತೆ ಡ್ರಾ. ನಮ್ಮ ಮೈದಾನದಲ್ಲಿ ಆಟ ಮುಗಿದರೂ ಯಾರೂ ಕದಲಲಿಲ್ಲ, ಎಲ್ಲರೂ ಫೋನು ನೋಡುತ್ತ ನಿಂತಿದ್ದರು. ನಾವೂ ಹಾಗೆಯೇ ನಿಂತಿದ್ದೆವು. ಆಮೇಲೆ ಇದ್ದಕ್ಕಿದ್ದಂತೆ ಆ ಜನವೆಲ್ಲ ಮೈದಾನಕ್ಕೆ ನುಗ್ಗಿತು. ಮೇಲಿನ ತಂಡ ಸೋತಿತ್ತು. ವಸುಧಾ ಅಳುತ್ತ ನಗುತ್ತ ಅವ್ವನನ್ನು ತಬ್ಬಿಕೊಂಡಳು. ಅತ್ತೆ ಮಾತ್ರ, ಆ ಇನ್ನೊಂದು ಊರಿನಲ್ಲಿ ಯಾರು ಅಳುತ್ತಿದ್ದಾರೋ ಪಾಪ ಎಂದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಆರಿಹೋದ ಉಪ್ಪಿಟ್ಟನ್ನು ನಾನೊಬ್ಬನೇ ಎರಡು ಸಲ ಬಡಿಸಿಕೊಂಡು ತಿಂದೆ.

ಮಧ್ಯಾಹ್ನ ವಸುಧಾ ಜೋನಮ್ಮನ ಹತ್ತಿರ ಬಹಳ ಹೊತ್ತು ಮಾತಾಡಿದಳು. ಗೋತ್ರ, ನಕ್ಷತ್ರ, ನನ್ನ ಘನಕಾರ್ಯ ಎಲ್ಲವನ್ನೂ ಹೇಳಿರಬೇಕು, ಆ ಕಡೆಯಿಂದ ಕೆಮ್ಮು ಬರುವಷ್ಟು ನಗು ಕೇಳಿಸುತ್ತಿತ್ತು. ಕೊನೆಗೆ ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದಳು.

“ಜೋನಮ್ಮ ಕೇಳ್ತಿದಾರೆ, ಮುಂದಿನ ಸೀಸನ್ನಿಗೆ ನಿಮ್ಮ ನಕ್ಷತ್ರ ಎದುರಿನ ತಂಡಕ್ಕೆ ಕೊಡೋಕಾಗುತ್ತಾ ಅಂತ.”

ಒಪ್ಪಿಕೊಂಡಿದ್ದೇನೆ. ಯಾರಾದರೂ ನನ್ನ ನಕ್ಷತ್ರವನ್ನು ಬೇಕೆಂದು ಕೇಳಿದ್ದು ಇದೇ ಮೊದಲು. ಆಗಸ್ಟಿನಲ್ಲಿ ಮೊದಲ ಪಂದ್ಯ ಯಾರ ಮೇಲೆ ಎಂದು ಗೊತ್ತಾದ ಕೂಡಲೇ ಮತ್ತೆ ಫ್ಲಶಿಂಗಿಗೆ ಹೋಗಬೇಕು. ಅತ್ತೆಗೆ ಮಾತ್ರ ತೊಗರಿಬೇಳೆ ಎಂದೇ ಹೇಳುತ್ತೇನೆ.